ಮಲೆನಾಡಿನ ಹಾಡು ಹಿಡಿದಿಡುವ ಬಗೆ: ಜಗಲಿಯಿಂದ ಹಾರ್ಡ್‌ಡಿಸ್ಕ್‌ವರೆಗೆ

ದೀಪಾವಳಿ ಕಳೆದ ಮಾರನೆ ದಿನ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅಂಟಿಗೆ-ಪಂಟಿಗೆಯ, ಅಂದರೆ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಪದ್ಧತಿಯ, ವಿಡಿಯೋಗಳು ಹರಿದಾಡುತ್ತವೆ. ಮುಕ್ಕಾಲು ಪಾಲು ಕತ್ತಲು, ನಡುವೆ ಒಂದು ದೀಪ. ನಾಯಿ ಬೊಗಳುವುದು ಸ್ಪಷ್ಟವಾಗಿ ಕೇಳುತ್ತದೆ, ಪಟಾಕಿ ಇನ್ನೂ ಸ್ಪಷ್ಟ. ಹಾಡಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಪದ ಸಿಕ್ಕೀತು. ಹತ್ತು ವರ್ಷ ಬಿಟ್ಟು ಆ ಹಾಡನ್ನು ಮತ್ತೆ ಕಲಿಯಬೇಕೆಂದು ಹೊರಟವರಿಗೆ ಅದರಿಂದ ಮೂರು ಸಾಲೂ ದಕ್ಕುವುದಿಲ್ಲ. ತಪ್ಪು ಫೋನಿನದ್ದು ಮಾತ್ರವಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು, ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಅದೇ ಫೋನಿನಲ್ಲೂ ಬಳಕೆಗೆ ಬರುವ ದಾಖಲೆ ಮಾಡಬಹುದು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಯಂತ್ರದ ವಿಚಾರ ಬಯಲುಸೀಮೆಗೂ ಹೊಂದುತ್ತದೆ. ಮಳೆ, ಜೀರುಂಡೆ, ಹಂಚಿನ ಮಾಡಿನ ವಿಚಾರ ನಮ್ಮದೇ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ

ಇಲ್ಲಿನ ಹಾಡಿಗೆಲ್ಲ ಒಂದು ಕೆಲಸವೋ ಒಂದು ಹಬ್ಬವೋ ಅಂಟಿಕೊಂಡಿದೆ. ಆದ್ದರಿಂದ ಕ್ಯಾಲೆಂಡರ್ ಇಲ್ಲದೆ ಹೊರಟರೆ ಬರಿಗೈ. ಗದ್ದೆ ನಾಟಿಯ ಪದ ಬೇಕಾದರೆ ಜುಲೈ-ಆಗಸ್ಟ್. ಆದರೆ ಈಗ ನಾಟಿ ಬಹಳ ಕಡೆ ಗುತ್ತಿಗೆಗೆ ಹೋಗಿದೆ, ಕೆಲವು ಕಡೆ ಯಂತ್ರ ಬಂದಿದೆ. ಎಕರೆ ಲೆಕ್ಕದಲ್ಲಿ ದುಡಿಯುವವರಿಗೆ ಹಾಡಲು ಪುರುಸೊತ್ತಿಲ್ಲ. ಮನೆಯವರೇ ಮುಯ್ಯಾಳಾಗಿ (ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ದುಡಿದು) ನೆಡುವ ಸಣ್ಣ ಗದ್ದೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಆಶ್ವೀಜದ ಭೂಮಿ ಹುಣ್ಣಿಮೆ ಈ ಕಡೆಯ ರೈತ ಸಮುದಾಯವಾದ ದೀವರ ಮನೆಗಳಲ್ಲಿ ದೊಡ್ಡ ಹಬ್ಬ. ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ದಿನಗಳಿಂದ ಹಿಡಿದು ನಸುಕಿನಲ್ಲಿ ಗದ್ದೆಗೆ ಚರಗ (ಭೂಮಿಗೆ ಕೊಡುವ ಎಡೆ) ಚೆಲ್ಲುವವರೆಗೆ ಕಿವಿ ತೆರೆದಿರಬೇಕು. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿ. ಬಲಿಪಾಡ್ಯಮಿಯ ರಾತ್ರಿಯಿಂದ ಅಂಟಿಗೆ-ಪಂಟಿಗೆಯವರು ಊರ ದೇವರ ಗುಡಿಯಲ್ಲಿ ದೀಪ ಹೊತ್ತಿಸಿಕೊಂಡು ಮನೆಮನೆಗೆ ಹೊರಡುತ್ತಾರೆ. ಎಷ್ಟು ರಾತ್ರಿ ಎಂಬುದು ಊರಿಂದೂರಿಗೆ ಬೇರೆ. ‘ಹಬ್ಬ ಹಾಡೋದು’ ಎಂದೂ ಇದಕ್ಕೆ ಹೆಸರಿದೆ. ಆಮೇಲೆ ಅಡಿಕೆ ಕೊಯ್ಲು. ಮೊದಲೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿಯಿಡೀ ಅಡಿಕೆ ಸುಲಿಯುವಾಗ ಹಾಡು, ಕಥೆ, ಒಗಟು ಎಲ್ಲವೂ ಇರುತ್ತಿತ್ತು. ಸುಲಿಯುವ ಯಂತ್ರ ಬಂದ ಮನೆಯಲ್ಲಿ ಅದರ ಸದ್ದು ಮಾತ್ರ ಸಿಗುತ್ತದೆ. ಕೈಯಲ್ಲಿ ಸುಲಿಯುವ ಮನೆ ಹುಡುಕಿ.

ಮದುವೆಯ ಸೋಬಾನೆ ಬೇಕಿದ್ದರೆ ಛತ್ರಕ್ಕೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಧ್ವನಿವರ್ಧಕದ್ದೇ ರಾಜ್ಯ. ಹಿಂದಿನ ದಿನ ಮನೆಯಲ್ಲಿ ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ ಅಲ್ಲಿರಬೇಕು. ಡೊಳ್ಳು ಬೀರೇಶ್ವರನ ಪೂಜೆ, ಜಾತ್ರೆ, ಮೆರವಣಿಗೆಗಳಲ್ಲಿ ಸಿಗುತ್ತದೆ. ಸಾಗರದ ಮಾರಿಜಾತ್ರೆ 3 ವರ್ಷಕ್ಕೊಮ್ಮೆ, ಅದನ್ನೇ ನಂಬಿ ಕೂರಬೇಡಿ.

ಯಂತ್ರ: ಕಡಿಮೆಯಲ್ಲಿ ಎಷ್ಟು ಸಾಕು

ಕೈಯಲ್ಲಿ ಹಿಡಿಯುವ ಸ್ಟೀರಿಯೋ ರೆಕಾರ್ಡರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನಿಂದಲೇ ಶುರುಮಾಡಿ, ಆದರೆ ಸೆಟ್ಟಿಂಗ್ ಬದಲಿಸದೆ ಅಲ್ಲ. ಫೋನ್ ತಯಾರಿಸಿದವರು ಅದರ ಮೈಕನ್ನು ಮಾತಿಗಾಗಿ ಹದ ಮಾಡಿರುತ್ತಾರೆ. ಸದ್ದು ಕಡಿಮೆಯಾದಾಗ ತಾನೇ ಏರಿಸುವುದು, ಜೋರಾದಾಗ ಅದುಮುವುದು, ಒಂದೇ ಸಮನೆ ಬರುವ ಧ್ವನಿಯನ್ನು ಗದ್ದಲವೆಂದು ಒರೆಸುವುದು ಅದರ ಸ್ವಭಾವ. ಹಿಮ್ಮೇಳದವರು ಎಳೆದು ಹಿಡಿಯುವ ಸೊಲ್ಲು (ಪಲ್ಲವಿ) ಫೋನಿಗೆ ಫ್ಯಾನಿನ ಸದ್ದಿನಂತೆಯೇ ಕಾಣುತ್ತದೆ. ಡೊಳ್ಳಿನ ಪ್ರತಿ ಪೆಟ್ಟಿನ ನಂತರ ಹಾಡು ಮುಳುಗಿ ಎದ್ದು ಬರುವುದಕ್ಕೂ ಇದೇ ಕಾರಣ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ‘ನಾಯ್ಸ್ ರಿಡಕ್ಷನ್’, ‘ಆಟೋ ಗೇನ್’ ಇದ್ದರೆ ಆಫ್ ಮಾಡಿ. ಫೋನಿನ ಜೊತೆ ಬಂದ ಆ್ಯಪ್‌ನಲ್ಲಿ ಆ ಅವಕಾಶವಿಲ್ಲದಿದ್ದರೆ ಅದು ಸಿಗುವ ಬೇರೆ ಆ್ಯಪ್ ಹಾಕಿಕೊಳ್ಳಿ. ‘ಹಾಡುಗಾರರ ಕಡೆ ಮೈಕು’ ಎಂದು ಫೋನಿನ ಬೆನ್ನು ತಿರುಗಿಸಬೇಡಿ. ಮುಖ್ಯ ಮೈಕಿನ ತೂತು ಬಹುತೇಕ ಫೋನುಗಳಲ್ಲಿ ಚಾರ್ಜರ್ ಚುಚ್ಚುವ ತುದಿಯಲ್ಲಿರುತ್ತದೆ. ಅದನ್ನು ಬೆರಳಿನಿಂದ ಮುಚ್ಚಿ ಹಿಡಿಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಫೈಲಿನ ಬಗೆ ‘ವೇವ್’ ಇರಲಿ, 48 ಕಿಲೋಹರ್ಟ್ಜ್, 24 ಬಿಟ್. ಸ್ಟೀರಿಯೋದಲ್ಲಿ ಇದು ನಿಮಿಷಕ್ಕೆ ಸುಮಾರು 17 ಎಂಬಿ, ತಾಸಿಗೆ 1 ಜಿಬಿ ತಿನ್ನುತ್ತದೆ. 32 ಜಿಬಿಯ ಒಂದು ಕಾರ್ಡಿನಲ್ಲಿ 30 ತಾಸು ಹಿಡಿಯುತ್ತದೆ, ಜಾಗ ಉಳಿಸಲೆಂದು ಎಂಪಿ3 ಮಾಡುವ ಕಾಲ ಹೋಯಿತು. ಎಂಪಿ3 ಆಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಅದರಿಂದ ವೇವ್‌ಗೆ ತಂದರೆ ಹೆಸರು ಬದಲಾಗುತ್ತದೆಯೇ ಹೊರತು ಕಳೆದದ್ದು ಬರುವುದಿಲ್ಲ.

ಜೊತೆಗೆ ಬೇಕಾದ್ದು: ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್, ಮೈಕಿಗೆ ತೊಡಿಸುವ ತುಪ್ಪಳದ ಗಾಳಿಮುಸುಕು, ಸಣ್ಣ ಮುಕ್ಕಾಲಿ ಸ್ಟ್ಯಾಂಡ್, ಎರಡು ಜೊತೆ ಹೆಚ್ಚುವರಿ ಬ್ಯಾಟರಿ, ಮಡಚಿದ ಕಂಬಳಿ ಒಂದು, ನೋಟ್‌ಬುಕ್, ಎರಡು ಪೆನ್ನು. ಕಂಬಳಿ ಯಾಕೆಂದು ಮುಂದೆ ಹೇಳುತ್ತೇವೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಧ್ವನಿ ತಡವಾಗಿ ಬರುತ್ತದೆ, ತಪ್ಪು ಆದದ್ದು ಆಮೇಲೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಇವೆಲ್ಲ ಇರಬೇಕಾದ್ದು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಆಗುಂಬೆ-ಹೊಸನಗರ ಕಡೆ ಜುಲೈಯಲ್ಲಿ ಒಂದು ವಾರ ಕಪಾಟಿನಲ್ಲಿಟ್ಟ ಚರ್ಮದ ಚೀಲಕ್ಕೇ ಬೂಷ್ಟು ಬರುತ್ತದೆ. ಮೈಕಿನ ಒಳಗಿನ ತೆಳು ಪೊರೆಗೆ ತೇವ ಕೂತರೆ ‘ಚರಚರ’ ಸದ್ದು ಶುರುವಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಬೇಡ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ.

ಫೋನ್ ಏರೋಪ್ಲೇನ್ ಮೋಡ್‌ಗೆ

ಹಾಡಿನ ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಇನ್ನೊಂದಿದೆ. ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆ ಫೋನು ದೂರದ ಟವರ್ ಮುಟ್ಟಲು ಆಗಾಗ ಪೂರ್ತಿ ಶಕ್ತಿಯಲ್ಲಿ ಕೂಗುತ್ತದೆ. ಹತ್ತಿರದ ರೆಕಾರ್ಡರಿನಲ್ಲಿ ಅದು ‘ಟಿಟಿಟಿ-ಟಿಟಿಟಿ’ ಎಂದು ಕೂರಬಹುದು. ಶರಾವತಿ ಹಿನ್ನೀರಿನಾಚೆಯ ಊರುಗಳಲ್ಲಿ ಇದರ ಬಗ್ಗೆ ಎಚ್ಚರ ಬೇಕು. ನಿಮ್ಮ ಫೋನಷ್ಟೇ ಅಲ್ಲ, ಸುತ್ತ ಕೂತವರ ಫೋನುಗಳನ್ನೂ ನಾಲ್ಕು ಮಾರು ದೂರ ಇಡಿಸಿ.

ಕೇಳುವ ಮಾತಿನಲ್ಲೇ ಅರ್ಧ ಕೆಲಸ

‘ಜನಪದ ಗೀತೆ ಹೇಳಿ’ ಎಂದು ಕೇಳಿದಿರೋ, ಕ್ಯಾಸೆಟ್ಟಿನಲ್ಲಿ, ಟೀವಿಯಲ್ಲಿ ಕೇಳಿದ ಹಾಡೇ ಬರುತ್ತದೆ. ಪಾಪ, ಅವರ ತಪ್ಪಲ್ಲ. ‘ಜನಪದ ಗೀತೆ’ ಎಂಬುದು ಪೇಟೆಯವರ ಮಾತು, ಅದಕ್ಕೆ ಪೇಟೆಯ ಹಾಡೇ ಉತ್ತರ. ಕೆಲಸದ ಹೆಸರು ಹಿಡಿದು ಕೇಳಿ: ‘ಅಮ್ಮಾ, ಮದುವೇಲಿ ಎಣ್ಣೆ-ಅರಿಶಿನ ಹಚ್ಚೋವಾಗ ಏನು ಹೇಳ್ತಿದ್ರಿ?’, ‘ಹೆಣ್ಣು ಒಪ್ಪಿಸಿ ಕೊಡೋವಾಗ ಯಾವ್ದು?’, ‘ತೊಟ್ಟಿಲಿಗೆ ಹಾಕೋವಾಗ?’. ಒಂದು ನೆನಪಾದರೆ ಅದರ ಬಾಲ ಹಿಡಿದು ನಾಲ್ಕು ಬರುತ್ತವೆ.

ಹಾಗೆಯೇ ‘ಸ್ವಲ್ಪ ಹೇಳಿ ಸಾಕು’ ಎನ್ನಲೇಬೇಡಿ. ಒಂದು ನುಡಿ ಹೇಳಿ ನಿಲ್ಲಿಸಿದ ಹಾಡನ್ನು ಎರಡನೇ ಸಲ ಪೂರ್ತಿ ಹೇಳಿಸುವುದು ಬಹಳ ಕಷ್ಟ. ಕಥನ ಹಾಡಾದರೆ ಮುಕ್ಕಾಲು ತಾಸು ಹಿಡಿದರೂ ಹಿಡಿಯಲಿ.

ಒಂದು ಪ್ರಶ್ನೆಯನ್ನು ಮಾತ್ರ ಯಾವತ್ತೂ ಬಿಡಬಾರದು: ‘ನಿಮ್ಮ ತವರು ಯಾವ ಊರು?’ ಹೆಂಗಸರ ಹಾಡು ಗಂಡನ ಮನೆಯದಲ್ಲ, ಹೆಚ್ಚಿನ ಸಲ ತಾಯಿಯಿಂದ, ಅಜ್ಜಿಯಿಂದ ಬಂದದ್ದು. ಸಾಗರ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ನೀವು ರೆಕಾರ್ಡ್ ಮಾಡಿದ ಸೋಬಾನೆ ಸಿದ್ದಾಪುರದ್ದೋ ಸೊರಬದ್ದೋ ಆಗಿರಬಹುದು. ‘ಸಾಗರದ ಹಾಡು’ ಎಂದು ಬರೆದಿಟ್ಟರೆ ಮುಂದೆ ಪಾಠಾಂತರ ಹೋಲಿಸುವವರಿಗೆ ದಾರಿ ತಪ್ಪುತ್ತದೆ. ತಾಯಿಯ ತವರನ್ನೂ ಕೇಳಿದರೆ ಇನ್ನೂ ಒಳ್ಳೆಯದು. ಯಾರಿಂದ ಕಲಿತದ್ದು, ಎಷ್ಟನೇ ವಯಸ್ಸಿನಲ್ಲಿ, ಕೊನೆಯದಾಗಿ ನಿಜವಾದ ಸಂದರ್ಭದಲ್ಲಿ ಹೇಳಿದ್ದು ಯಾವಾಗ, ಇವಿಷ್ಟು ಸೇರಿದರೆ ಹಾಡಿನ ಜಾತಕ ಸಿಕ್ಕಿತು.

ಹೊತ್ತು ನೋಡಿ ಹೋಗಿ. ಮಧ್ಯಾಹ್ನದ ಊಟ ಮುಗಿದು, ಕೊಟ್ಟಿಗೆ ಕೆಲಸ ಶುರುವಾಗುವ ಮುಂಚೆ, ಎರಡರಿಂದ ನಾಲ್ಕೂವರೆ ನಡುವೆ ಹೆಂಗಸರಿಗೆ ಬಿಡುವು. ಆ ಹೊತ್ತಿನಲ್ಲಿ ಕರೆಂಟು ಹೋದರೆ ನಿಮ್ಮ ಪುಣ್ಯ. ಫ್ರಿಜ್ಜು, ಪಂಪ್‌ಸೆಟ್ಟು, ಪಕ್ಕದ ಮನೆಯ ಟೀವಿ ಎಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಸೂತಕದ ಮನೆಯಲ್ಲಿ ಮದುವೆಯ ಹಾಡು ಕೇಳಬೇಡಿ. ದೇವರ, ಚೌಡಿಯ ಕೆಲವು ಪದಗಳನ್ನು ಪೂಜೆಯ ಹೊರಗೆ ಹೇಳುವುದಿಲ್ಲ ಎಂದರೆ ಅಲ್ಲಿಗೇ ಬಿಡಿ. ಒತ್ತಾಯಿಸಿ ಹೇಳಿಸಿದ ಹಾಡು ಅರ್ಧ ದನಿಯಲ್ಲೇ ಇರುತ್ತದೆ.

ಜಗಲಿಯಲ್ಲಿ ಕೂರಿಸಿ ಹಿಡಿಯುವುದು

ಜಾಗ ಆರಿಸುವಾಗ ಮೊದಲು ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ತೆರೆದಿದ್ದರೆ ಕಿವಿ ಗಡಿಯಾರದ ಟಿಕ್‌ಟಿಕ್ ಬಿಟ್ಟುಬಿಡುತ್ತದೆ, ಮೈಕು ಬಿಡುವುದಿಲ್ಲ. ಸಿಮೆಂಟಿನ ಹೊಸ ಹಾಲ್‌ಗಿಂತ ಹಳೆಯ ಪಡಸಾಲೆ ವಾಸಿ. ಬರಿ ಗೋಡೆ, ಟೈಲ್ಸ್ ನೆಲದಲ್ಲಿ ದನಿ ಗುಂಯ್‌ಗುಟ್ಟಿ ಅಕ್ಷರ ಕಲಸಿಹೋಗುತ್ತದೆ. ಬೇರೆ ಜಾಗವಿಲ್ಲದಿದ್ದರೆ ಚಾಪೆ ಹಾಸಿ, ಹಾಡುವವರ ಎದುರಿನ ಗೋಡೆಗೆ ಕಂಬಳಿಯೋ ಜಮಖಾನವೋ ನೇತುಹಾಕಿ. ಭತ್ತದ ಚೀಲ ಒಟ್ಟಿದ ಕೋಣೆ ಇದ್ದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ.

ಹಂಚಿನ ಮಾಡಿನ ಮೇಲೆ ಸಣ್ಣ ಮಳೆ ತಡೆದೀತು. ತಗಡಿನ ಮಾಡಾದರೆ ತುಂತುರು ಬಂದರೂ ಅಂದಿನ ಕೆಲಸ ಮುಗಿಯಿತು. ಜೀರುಂಡೆಯದು ಬೇರೆಯೇ ಕಾಟ. ಬೇಸಿಗೆಯ ಕೊನೆಯಲ್ಲಿ ಕಾಡಂಚಿನ ಮನೆಗಳಲ್ಲಿ ಸಂಜೆ ಹೊತ್ತು ಅದು ಕೂಗತೊಡಗಿದರೆ ಹಾಡಿನ ‘ಸ’ ‘ಶ’ ‘ಚ’ಗಳ ಸ್ಪಷ್ಟತೆ ಎಲ್ಲಿದೆಯೋ ಅಲ್ಲೇ ಅದರ ಧ್ವನಿಯೂ ಬಂದು ಕೂರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಒರೆಸಹೋದರೆ ಅಕ್ಷರಗಳೂ ಒರೆಸಿಹೋಗುತ್ತವೆ. ಇದಕ್ಕೆ ಔಷಧ ಬೇರೆ ಹೊತ್ತಿನಲ್ಲಿ ಬರುವುದೊಂದೇ.

ಇಬ್ಬರು ಹಾಡುವುದಾದರೆ ಮೈಕು ಅವರಿಂದ ಎರಡು-ಮೂರು ಅಡಿ ದೂರ, ಬಾಯಿಗಿಂತ ಒಂದು ಗೇಣು ಕೆಳಗೆ, ಮುಖದತ್ತ ತಿರುಗಿರಲಿ. ತೀರಾ ಹತ್ತಿರ ಇಟ್ಟರೆ ‘ಪ’ ‘ಭ’ ಬಂದಾಗ ಉಸಿರು ಗುದ್ದುತ್ತದೆ. ದೂರ ಇಟ್ಟರೆ ಕೋಣೆಯೇ ಹೆಚ್ಚು ಕೇಳುತ್ತದೆ. ಸೋಬಾನೆಯಂಥ ಹಾಡಿನಲ್ಲಿ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತುವವರನ್ನು ರೆಕಾರ್ಡರಿನ ಎಡಕ್ಕೆ, ಸೊಲ್ಲಿನವರನ್ನು ಬಲಕ್ಕೆ ಕೂರಿಸಿ. ಮುಂದೆ ಬರೆದುಕೊಳ್ಳುವಾಗ ಎರಡೂ ಕಿವಿಯಲ್ಲಿ ಬೇರೆಬೇರೆಯಾಗಿ ಸಿಗುತ್ತವೆ, ಇದರಿಂದ ಉಳಿಯುವ ಶ್ರಮ ಬರೆಯಲು ಕೂತ ದಿನ ಗೊತ್ತಾಗುತ್ತದೆ. ಹಲ್ಲಿಲ್ಲದ ಅಜ್ಜಿಯ ಪಕ್ಕ ಅದೇ ಹಾಡು ಬಲ್ಲ ಮಗಳೋ ಸೊಸೆಯೋ ಇದ್ದರೆ ಅವರನ್ನೂ ಕೂರಿಸಿ, ಅಕ್ಷರ ಅವರಿಂದ ಸಿಗುತ್ತದೆ.

ಮಟ್ಟ ನೋಡುವುದು ಹೀಗೆ. ಒಂದು ನುಡಿ ಪೂರ್ತಿ ದನಿಯಲ್ಲಿ ಹೇಳಿಸಿ, ಮೀಟರಿನ ತುದಿ −12 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಗೇನ್ (ಮೈಕಿನ ದನಿಯನ್ನು ಏರಿಸಿ ಇಳಿಸುವ ಹತೋಟಿ) ಇಡಿ. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಯಾವ ತಂತ್ರಾಂಶವೂ ಹಿಂದಿದ್ದಂತೆ ಕೂಡಿಸದು. ಕಡಿಮೆಯಾದದ್ದನ್ನು ಆಮೇಲೆ ಏರಿಸಿಕೊಳ್ಳಬಹುದು. ಆದ್ದರಿಂದ ಸಂಶಯ ಬಂದರೆ ಇಳಿಸಿ. ಶುರುವಿನ ಸಂಕೋಚ ಬಿಟ್ಟ ಮೇಲೆ ಎಲ್ಲರೂ ದನಿ ಎತ್ತುತ್ತಾರೆ, ಅಷ್ಟು ಜಾಗ ಮೇಲೆ ಖಾಲಿ ಇರಬೇಕು.

ಒತ್ತಿದ ಕೂಡಲೇ ನಿಮ್ಮ ದನಿಯಲ್ಲಿ ತಾರೀಕು, ಊರು, ಹೇಳುವವರ ಹೆಸರು, ಯಾವ ಸಂದರ್ಭದ ಹಾಡು ಎಂದು ಹೇಳಿ. ನೋಟ್‌ಬುಕ್ಕು ಕಳೆದರೂ ಇದು ಉಳಿಯುತ್ತದೆ. ಹಾಡು ನಡೆಯುವಾಗ ‘ಹೂಂ’, ‘ಚೆನ್ನಾಗಿದೆ’ ಬೇಡ, ತಲೆಯಾಡಿಸಿ ಸಾಕು. ನಡುವೆ ಮರೆತು ನಿಂತರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ‘ಅದಲ್ಲ ಕಣೇ, ಆಮೇಲೆ ತಮ್ಮ ಬರ್ತಾನಲ್ಲ’ ಎಂದು ಅವರವರೇ ತಿದ್ದಿಕೊಳ್ಳುವ ಮಾತಿನಲ್ಲಿ ಕಥೆಯ ಚೌಕಟ್ಟು ಇರುತ್ತದೆ. ಮುಗಿದ ಮೇಲೂ ಹತ್ತು ಸೆಕೆಂಡು ಬಿಡಿ.

ದನಿ ಏರುತ್ತ ಹೋಗುವುದನ್ನು ತಪ್ಪೆಂದು ತಿಳಿಯಬೇಡಿ. ಶ್ರುತಿಪೆಟ್ಟಿಗೆ ಇಲ್ಲದೆ ಉದ್ದ ಹಾಡು ಹೇಳುವವರ ಶ್ರುತಿ ಹತ್ತನೇ ನುಡಿಯ ಹೊತ್ತಿಗೆ ಮೇಲೆ ಸರಿದಿರುವುದುಂಟು. ಹಾರ್ಮೋನಿಯಂ ತಂದು ‘ಸರಿ’ ಮಾಡಿಸುವ ಉತ್ಸಾಹಿಗಳಿದ್ದಾರೆ. ಅವರನ್ನು ಚಹಾ ತರಲು ಕಳಿಸಿ.

ಬೀಸುವ, ಕುಟ್ಟುವ ಪದ

ಬೀಸುವ ಪದದ ಲಯ ಬೀಸುಕಲ್ಲಿನದು. ಬರಿಗೈಯಲ್ಲಿ ಹೇಳಿಸಿದರೆ ಎಳೆತ ಎಲ್ಲಿ ಬರಬೇಕೋ ಅಲ್ಲಿ ಬರುವುದಿಲ್ಲ, ಸಾಲು ಗಡಿಬಿಡಿಯಾಗುತ್ತದೆ. ಅಟ್ಟದಲ್ಲೋ ಹಿತ್ತಿಲಿನಲ್ಲೋ ಮೂಲೆ ಸೇರಿದ ಬೀಸುಕಲ್ಲನ್ನು ಇಳಿಸಿ ತೊಳೆಸಿ. ಒಂದೆರಡು ಹಿಡಿ ಅಕ್ಕಿಯೋ ರಾಗಿಯೋ ಹಾಕಿಯೇ ತಿರುಗಿಸಬೇಕು. ಖಾಲಿ ಕಲ್ಲು ಕಲ್ಲಿಗೆ ಉಜ್ಜಿದರೆ ಕರ್ಕಶ ಸದ್ದು, ಕಲ್ಲಿನ ಹಲ್ಲೂ ಸವೆಯುತ್ತದೆ. ಕಲ್ಲಿನ ಕೆಳಗೆ ಮಡಚಿದ ಗೋಣಿ ಹಾಸಿ. ಮೈಕು ಕಲ್ಲಿನ ಕಡೆಯಿಂದಲ್ಲ, ಹೇಳುವವರ ಹೆಗಲ ಪಕ್ಕದಿಂದ ಬಾಯಿಯತ್ತ ನೋಡಲಿ.

ಒನಕೆಯದ್ದಾದರೆ ಪೆಟ್ಟು ನೆಲದ ಮೂಲಕ ಸ್ಟ್ಯಾಂಡಿಗೆ ಬಂದು ‘ಧಡ್ ಧಡ್’ ಎಂದು ಹಾಡನ್ನೇ ನುಂಗುತ್ತದೆ. ಕಂಬಳಿ ಬೇಕಾದ್ದು ಇಲ್ಲಿ. ಅದನ್ನು ನಾಲ್ಕು ಪದರ ಮಡಚಿ ಸ್ಟ್ಯಾಂಡಿನ ಅಡಿಗೆ ಹಾಕಿ, ಒರಳಿನಿಂದ ಐದಾರು ಅಡಿ ದೂರ ಇಡಿ. ಒಂದು ಸಲ ಕುಟ್ಟುತ್ತ, ಇನ್ನೊಂದು ಸಲ ಅದೇ ಹಾಡನ್ನು ಕೂತು ನಿಧಾನಕ್ಕೆ ಹೇಳಿಸಿದರೆ ಮೊದಲನೆಯದರಲ್ಲಿ ಲಯ, ಎರಡನೆಯದರಲ್ಲಿ ಮಾತು ಸಿಗುತ್ತದೆ. ನಾಟಿ ಪದ, ಅಂಟಿಗೆ-ಪಂಟಿಗೆ, ಎಲ್ಲದಕ್ಕೂ ಈ ಎರಡು ಸಲದ ಪದ್ಧತಿಯೇ ಸರಿ. ಸಂದರ್ಭದಲ್ಲಿ ಒಮ್ಮೆ, ಬಿಡುವಿನಲ್ಲಿ ಒಮ್ಮೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಸಂದರ್ಭದ್ದನ್ನೇ ಆರಿಸಿ. ಗದ್ದಲವಿದ್ದರೂ ಅದರಲ್ಲಿ ಯಾರು ಯಾವಾಗ ಯಾಕೆ ಹೇಳಿದರು ಎಂಬುದಿದೆ.

ಅಂಟಿಗೆ-ಪಂಟಿಗೆ: ನಡೆಯುತ್ತ, ಕತ್ತಲಲ್ಲಿ

ಇದು ಎಲ್ಲಕ್ಕಿಂತ ಕಷ್ಟದ್ದು. ಹಾಡುವವರು ನಿಲ್ಲುವುದಿಲ್ಲ, ಬೆಳಕಿಲ್ಲ, ಗಾಳಿಯಿದೆ, ಪಟಾಕಿಯಿದೆ.

ಹೊರಡುವ ಮುಂಚೆಯೇ ತಂಡದವರಿಂದ ಒಪ್ಪಿಗೆ ಪಡೆದು, ಆ ರಾತ್ರಿಯ ದಾರಿ ಕೇಳಿಟ್ಟುಕೊಳ್ಳಿ. ಎಲ್ಲ ಮನೆಯಲ್ಲೂ ರೆಕಾರ್ಡ್ ಮಾಡುವ ಹುಚ್ಚು ಬೇಡ. ಮೂರು ಮನೆ ಆರಿಸಿ, ನಾಯಿ ಕಟ್ಟಿಹಾಕಿರುವ, ಅಂಗಳ ದೊಡ್ಡದಿರುವ, ರಸ್ತೆಯಿಂದ ಒಳಗಿರುವ ಮನೆಗಳು. ಆ ಮನೆಯವರಿಗೆ ಮೊದಲೇ ಹೇಳಿ, ಟೀವಿ ಆರಿಸಿಸಿ. ತಂಡಕ್ಕಿಂತ ಹತ್ತು ನಿಮಿಷ ಮುಂಚೆ ಅಲ್ಲಿಗೆ ತಲುಪಿ, ಜಗಲಿಯ ಅಂಚಿನಲ್ಲಿ ಸ್ಟ್ಯಾಂಡ್ ಹೂಡಿ ಕಾದಿರಿ. ಹಾಡು ದೂರದ ಗದ್ದೆ ಬದುವಿನಿಂದ ಕೇಳಿಸತೊಡಗುವಾಗಲೇ ಒತ್ತಬೇಕು. ಬಾಗಿಲು ತೆರೆಸುವ ಹಾಡು ಬಾಗಿಲು ಮುಚ್ಚಿರುವಾಗ ಶುರುವಾಗುತ್ತದೆ. ಬಾಗಿಲು ತೆರೆದ ಮೇಲೆ ಒತ್ತಿದರೆ ಮೊದಲ ಹಾಡೇ ಇಲ್ಲ.

ಮುಂದಿನ ಇಬ್ಬರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಎರಡು ಗುಂಪಿನ ನಡುವೆ, ಪಕ್ಕಕ್ಕೆ ನಾಲ್ಕೈದು ಅಡಿ ಬಿಟ್ಟು ಮೈಕು ಇದ್ದರೆ ಎರಡೂ ಸಮನಾಗಿ ಬರುತ್ತವೆ. ದೀಪದ ಹತ್ತಿರ ಹೋಗಬೇಡಿ. ಎಣ್ಣೆ ಎರೆಯುವವರು, ದೀಪ ಹಚ್ಚಿಕೊಳ್ಳುವವರು ಓಡಾಡುವ ಜಾಗ ಅದು, ದೀಪ ಆರದಂತೆ ಕಾಯುವುದೇ ತಂಡದ ಮುಖ್ಯ ಹೊಣೆ. ಕ್ಯಾಮೆರಾದ ಲೈಟು, ಫ್ಲಾಷು ಬೇಡವೇ ಬೇಡ. ಒಂದೇ ದೀಪದ ಬೆಳಕಿನಲ್ಲಿ ಚಿತ್ರ ಮಸುಕಾಗಿ ಬಂದರೆ ಬರಲಿ.

ಪಟಾಕಿಯ ಕಾರಣಕ್ಕೆ ಗೇನ್ ಇನ್ನೂ ಇಳಿಸಿ, ಹಾಡು −20ರ ಹತ್ತಿರ ಇರಲಿ. 32 ಬಿಟ್ ಫ್ಲೋಟ್ (ಜೋರು ಸದ್ದಿಗೂ ಸುಲಭಕ್ಕೆ ಒಡೆಯದ ಫೈಲಿನ ಬಗೆ) ಇರುವ ರೆಕಾರ್ಡರ್ ಇದ್ದರೆ ಈ ಚಿಂತೆ ಕಡಿಮೆ. ಮನೆಯಿಂದ ಮನೆಗೆ ನಡೆಯುವಾಗ ರೆಕಾರ್ಡರನ್ನು ಬರಿಗೈಯಲ್ಲಿ ಹಿಡಿದರೆ ಬೆರಳು ಉಜ್ಜಿದ್ದೆಲ್ಲ ಗುಡುಗಾಗುತ್ತದೆ. ಸಣ್ಣ ಸ್ಟ್ಯಾಂಡನ್ನೇ ಹಿಡಿಕೆ ಮಾಡಿಕೊಳ್ಳಿ, ತೋಳು ಮೈಗೆ ತಾಗದಿರಲಿ. ಜರ್ಕಿನ್ ಹಾಕಬೇಡಿ, ಅದರ ಪರಪರ ಬಿಡುವುದಿಲ್ಲ. ಉಣ್ಣೆಯ ಸ್ವೆಟರ್ ಸಾಕು. ಕಾರ್ತಿಕದ ಇಬ್ಬನಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಹೆಚ್ಚುವರಿ ಜೊತೆಯನ್ನು ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಿ. ಇಡೀ ರಾತ್ರಿ ಒಂದೇ ಫೈಲ್ ಮಾಡದೆ ಒಂದೊಂದು ಮನೆಗೆ ಒಂದೊಂದು ಫೈಲ್ ಮಾಡಿ. ಬ್ಯಾಟರಿ ಹಠಾತ್ತನೆ ಸತ್ತರೆ ಕೆಲವು ಯಂತ್ರಗಳಲ್ಲಿ ತೆರೆದಿದ್ದ ಫೈಲ್ ಪೂರ್ತಿ ಕೆಡುತ್ತದೆ.

ದೀಪಾವಳಿ ಮುಗಿದು ವಾರದೊಳಗೆ ಮುಂದಿನ ಇಬ್ಬರನ್ನು ಮನೆಯಲ್ಲಿ ಕೂರಿಸಿ ಅದೇ ಕ್ರಮದಲ್ಲಿ ಮತ್ತೆ ಹೇಳಿಸಿ. ವಾರ ಕಳೆದರೆ ಅಡಿಕೆ ಕೊಯ್ಲು ಹತ್ತಿ ಯಾರೂ ಕೈಗೆ ಸಿಗುವುದಿಲ್ಲ. ‘ಹಬ್ಬ ಇಲ್ದೆ ಹೇಳೋ ಹಂಗಿಲ್ಲ’ ಎನ್ನುವ ಊರುಗಳಲ್ಲಿ ಮಾತಿನಲ್ಲಿ ಬರೆಸಿಕೊಳ್ಳಲು ಅಡ್ಡಿಯಿಲ್ಲದಿರಬಹುದು, ಕೇಳಿ ನೋಡಿ.

ಡೊಳ್ಳು

ಡೊಳ್ಳಿಗೆ ಹತ್ತಿರ ಹೋದರೆ ಮೈಕಿನಲ್ಲಿ ದನಿ ಒಡೆಯುತ್ತದೆ, ಗೇನ್ ಎಷ್ಟು ಇಳಿಸಿದರೂ. ಮೈಕಿನ ತಲೆಯೇ ತಾಳಲಾರದ ಹೊಡೆತ ಅದು. ಹನ್ನೆರಡು ಜನರ ತಂಡವಾದರೆ 15ರಿಂದ 20 ಅಡಿ ದೂರ, ಎದೆಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ರೆಕಾರ್ಡರಿನಲ್ಲಿ ‘ಲೋ ಕಟ್’ ಎಂಬ ಗುಂಡಿ ಇರುತ್ತದೆ. 80-100 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸುತ್ತದೆ. ಹೆಂಗಸರ ಹಾಡಿಗೆ ಅದು ಒಳ್ಳೆಯದು, ಗಾಳಿಯ ಗುಮ್ಮು ಹೋಗುತ್ತದೆ. ಡೊಳ್ಳಿಗೆ ಅದನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಕೋಲಿನ ‘ಟಕ್’ ಉಳಿದು ಗುಮ್ಮೇ ಮಾಯವಾಗಿ ಡಬ್ಬ ಬಡಿದಂತಾಗುತ್ತದೆ.

ತೇವಕ್ಕೆ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ. ಬೆಂಕಿಗೆ ಕಾಯಿಸಿ, ಹಗ್ಗ ಬಿಗಿದು ಹದಕ್ಕೆ ತಂದ ಮೇಲೆ ಮಟ್ಟ ನೋಡಿ, ಮೊದಲೇ ನೋಡಿಟ್ಟ ಮಟ್ಟ ಆಗ ಸಾಲುವುದಿಲ್ಲ. ಅಭ್ಯಾಸದಲ್ಲಿ ಹೊಡೆದದ್ದಕ್ಕೂ ಜನ ಸೇರಿದ ಮೇಲೆ ಹೊಡೆಯುವುದಕ್ಕೂ ಅಂತರ ಬಹಳ. ಅಭ್ಯಾಸದಲ್ಲಿ −18ಕ್ಕೆ ಇಡಿ. ಪೆಟ್ಟುಗಳ ಬಾಯಿಪಾಠವನ್ನು ತಂಡದ ಹಿರಿಯರಿಂದ ಬೇರೆಯಾಗಿ, ಡೊಳ್ಳಿಲ್ಲದೆ ಬಾಯಲ್ಲಿ ಹೇಳಿಸಿ ದಾಖಲಿಸಿ. ಕಲಿಯುವವರಿಗೆ ಹತ್ತು ವಿಡಿಯೋಗಿಂತ ಅದು ಉಪಯೋಗಕ್ಕೆ ಬರುತ್ತದೆ. ವಿಡಿಯೋ ಬೇರೆ, ಆಡಿಯೋ ಬೇರೆ ಮಾಡುತ್ತಿದ್ದರೆ ಎರಡೂ ಶುರುವಾದ ಮೇಲೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ, ಜೋಡಿಸುವಾಗ ಅದೇ ಗುರುತು.

ಒಪ್ಪಿಗೆ, ದುಡ್ಡು

ಹಾಡು ಪರಂಪರೆಯದ್ದು, ಅದಕ್ಕೆ ಒಡೆಯರಿಲ್ಲ ಎನ್ನಬಹುದು. ಹಾಡಿದ್ದಕ್ಕೆ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರಕಾರ ಹಾಡಿದವರಿಗೆ ಆ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ. ಒಪ್ಪಿಗೆಯಿಲ್ಲದೆ ದಾಖಲಿಸಿ ಹಂಚುವಂತಿಲ್ಲ. 2012ರ ತಿದ್ದುಪಡಿಯಲ್ಲಿ ಹಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕೂ ಸೇರಿದೆ. ಸಹಿ ಹಾಕಿಸುವ ಕಾಗದ ಕಂಡರೆ ಜಮೀನಿನ ಪತ್ರವೇನೋ ಎಂದು ಹೆದರುವವರಿದ್ದಾರೆ. ಬಾಯಿಮಾತನ್ನೇ ರೆಕಾರ್ಡ್ ಮಾಡಿ: ‘ಅಕ್ಕಾ, ಈ ಹಾಡನ್ನ ನಾವು ಇಟ್ಕೊಳ್ತೀವಿ, ಕಲಿಯೋರಿಗೆ ಕೇಳಿಸ್ತೀವಿ. ಯೂಟ್ಯೂಬಿಗೆ ಹಾಕ್ಬಹುದಾ, ಬೇಡ್ವಾ? ನಿಮ್ಮ ಹೆಸರು ಹೇಳ್ಬಹುದಾ?’ ಮೂರಕ್ಕೂ ಬೇರೆಬೇರೆ ಉತ್ತರ ಬರಬಹುದು, ಬಂದಂತೆ ಬರೆದುಕೊಳ್ಳಿ.

ಹಬ್ಬದ ತಂಡಕ್ಕೆ ಅಕ್ಕಿ, ಕಾಣಿಕೆ ಕೊಡುವುದು ಪದ್ಧತಿಯಂತೆ. ಕೂರಿಸಿ ಅರ್ಧ ದಿನ ಹೇಳಿಸಿದರೆ ಆ ಊರಿನ ಒಂದು ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಕೊಡಿ. ಶಾಲು ಹೊದಿಸಿ ಕೈಮುಗಿದು ಬರುವುದು ಅದಕ್ಕೆ ಬದಲಲ್ಲ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಕಂಪ್ಯೂಟರಿಗೆ ನಕಲು ಮಾಡಿ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಬೇರೆ ಊರಿನಲ್ಲಿ, ಇದು ಸಂಗ್ರಹಾಗಾರಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಒಂದು ಹಾರ್ಡ್‌ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ, ಮೂರನೆಯದು ಕ್ಲೌಡಿನಲ್ಲಿ ಇರಬಹುದು. ಸಿಡಿಲಿಗೆ ಕಂಪ್ಯೂಟರು ಸುಡುವ ಊರಿನಲ್ಲಿ ಚುಚ್ಚಿಟ್ಟ ಹಾರ್ಡ್‌ಡಿಸ್ಕೂ ಜೊತೆಗೇ ಸುಡುತ್ತದೆ, ಕೆಲಸ ಮುಗಿದ ಮೇಲೆ ಕಿತ್ತಿಡಿ. ಕಾರ್ಡನ್ನು ಮೂರೂ ಪ್ರತಿ ತೆರೆದು ಕೇಳಿದ ಮೇಲಷ್ಟೇ ಅಳಿಸಿ.

ಫೈಲಿನ ಹೆಸರು ವರ್ಷ-ತಿಂಗಳು-ದಿನ, ಊರು, ಪ್ರಕಾರ, ಸಂಖ್ಯೆ ಈ ಕ್ರಮದಲ್ಲಿರಲಿ, ತಾನಾಗಿ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತದೆ. ಹಳೆಯ ಯಂತ್ರಗಳು ಕನ್ನಡ ಅಕ್ಷರದ ಫೈಲ್ ಹೆಸರನ್ನು ತೆರೆಯಲು ತಕರಾರು ಮಾಡುವುದರಿಂದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಡಿ, ವಿವರವನ್ನು ಜೊತೆಯ ಪಟ್ಟಿಯಲ್ಲಿ ಕನ್ನಡದಲ್ಲಿ ಬರೆಯಿರಿ. ಮೂಲ ಫೈಲನ್ನು ತಿದ್ದಬೇಡಿ. ಕತ್ತರಿಸುವುದು, ದನಿ ಏರಿಸುವುದು ಏನಿದ್ದರೂ ನಕಲಿನಲ್ಲಿ. ಇದಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು.

ಬರೆದುಕೊಳ್ಳುವುದಕ್ಕೆ ಒಂದು ತಾಸಿನ ಹಾಡಿಗೆ ಆರೇಳು ತಾಸು ಇಟ್ಟುಕೊಳ್ಳಿ. ಹೇಳಿದಂತೆ ಬರೆಯಿರಿ. ‘ಹ’ ಬಿಟ್ಟು ಹೇಳಿದರೆ ಬಿಟ್ಟೇ ಬರೆಯಿರಿ. ಗ್ರಾಂಥಿಕಕ್ಕೆ ತಿದ್ದಿದರೆ ಮಾತ್ರೆ ತಪ್ಪಿ, ಆ ಬರಹ ನೋಡಿ ಯಾರೂ ಮತ್ತೆ ಹಾಡಲಾರರು. ಸೊಲ್ಲನ್ನು ಮೊದಲ ಸಲ ಪೂರ್ತಿ ಬರೆದು, ಆಮೇಲೆ ಗುರುತು ಹಾಕಿದರೆ ಸಾಕು, ಆದರೆ ಎಲ್ಲಿ ಬದಲಾಗುತ್ತದೋ ಅಲ್ಲಿ ಬರೆಯಲೇಬೇಕು. ಅರ್ಥವಾಗದ ಪದಕ್ಕೆ ಊಹೆಯ ಪದ ತುಂಬಬೇಡಿ. ಅಡಿಗೆರೆ ಹಾಕಿ, ನಿಮಿಷ-ಸೆಕೆಂಡು ಬರೆದಿಟ್ಟು, ಹೇಳಿದವರಿಗೇ ಕೇಳಿಸಿ ಕೇಳಿ. ಮಾತನ್ನು ತಾನಾಗಿ ಅಕ್ಷರ ಮಾಡುವ ಆ್ಯಪ್‌ಗಳು ದೀವರ ಮಾತಿಗೂ ಹವ್ಯಕರ ಮಾತಿಗೂ ಇನ್ನೂ ತಯಾರಾಗಿಲ್ಲ. ತಪ್ಪು ತಿದ್ದುವುದಕ್ಕಿಂತ ಬರೆಯುವುದೇ ಬೇಗ.

ಸಂಗ್ರಹ ದೊಡ್ಡದಾದರೆ ಒಂದು ಪ್ರತಿಯನ್ನು ಸಂಸ್ಥೆಯೊಂದಕ್ಕೆ ಒಪ್ಪಿಸುವುದು ಕ್ಷೇಮ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ರಾಮನಗರದ ಬಳಿ ಜಾನಪದ ಲೋಕವಿದೆ. ಕೊಡುವಾಗ ಒಪ್ಪಿಗೆಯ ಷರತ್ತುಗಳನ್ನೂ ಜೊತೆಗೇ ಬರೆದು ಕೊಡಿ.

ಎಲ್ಲಕ್ಕಿಂತ ಮುಂಚಿನ ಪ್ರತಿ ಮಾತ್ರ ಹಾಡಿದವರ ಮನೆಗೇ ಹೋಗಬೇಕು. ವೇವ್ ಫೈಲ್ ತುಂಬಿದ ಪೆನ್‌ಡ್ರೈವ್ ಕೊಟ್ಟರೆ ಅದು ದೇವರ ಕೋಣೆಯ ಗೂಡು ಸೇರುತ್ತದೆ. ಎಂಪಿ3 ಮಾಡಿ, ಒಂದೊಂದು ಹಾಡಿಗೆ ಒಂದೊಂದು ಫೈಲ್ ಕತ್ತರಿಸಿ, ಅವರ ಮನೆಯಲ್ಲಿ ಏನಿದೆಯೋ ಅದಕ್ಕೆ ಹಾಕಿ. ಮಗನ ಫೋನಾದರೆ ಫೋನಿಗೆ, ಚಿಪ್ ಹಾಕಿ ಕೇಳುವ ಸಣ್ಣ ಸ್ಪೀಕರಾದರೆ ಮೆಮೊರಿ ಕಾರ್ಡಿಗೆ. ಅಲ್ಲೇ ಕೂತು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೊಂದನ್ನೂ ಹಾಕಿ ನೋಡಿ. ಆಗ ನೋಟ್‌ಬುಕ್ಕು ಕೈಯಲ್ಲಿರಲಿ. ತಮ್ಮದೇ ದನಿ ಕೇಳುತ್ತ ಕೂತವರಿಗೆ ‘ಇಲ್ಲೊಂದು ನುಡಿ ಬಿಟ್ಟೋಯ್ತಲ್ಲ’ ಎಂದು ನೆನಪಾಗುವುದು ಆವಾಗಲೇ.